ಗಾಣದ ಚೆಕ್

ಶಿವಮೊಗ್ಗದಿಂದ ಸಾಗರಕ್ಕೆ ಹೊರಟ ಬಸ್ಸು ಆಯನೂರು ದಾಟುವವರೆಗೂ ಪುಟ್ಟಿ ಬಾಯಿ ಬಿಡಲಿಲ್ಲ. ನನ್ನ ತಮ್ಮನ ಮಗಳು ಅವಳು, ಹನ್ನೊಂದು ವರ್ಷ. ಕಳೆದ ಭಾನುವಾರ ಮಕ್ಕಳ ಚೆಸ್ ಪಂದ್ಯಾವಳಿಗೆ ನಾನೇ ಕರೆದುಕೊಂಡು ಹೋಗಿದ್ದೆ. ಆರು ಸುತ್ತುಗಳಲ್ಲಿ ನಾಲ್ಕು ಗೆದ್ದಳು, ಒಂದು ಸೋತಳು, ಕೊನೆಯದು ಡ್ರಾ. ಸೋತ ಆಟವನ್ನು ಮಧ್ಯಾಹ್ನದ ಊಟದ ಹೊತ್ತಿಗೇ ಮರೆತಿದ್ದಳು. ಡ್ರಾ ಆದದ್ದು ಮಾತ್ರ ಗಂಟಲಲ್ಲಿ ಸಿಕ್ಕಿಕೊಂಡಿತ್ತು. ಕುಂಸಿ ಹತ್ತಿರ ಬಂದಾಗ ಕಿಟಕಿಯ ಕಡೆಯಿಂದ ಮುಖ ತಿರುಗಿಸಿ ಕೇಳಿದಳು: "ಅತ್ತೆ, ನನ್ನ ಹತ್ರ ಒಂದು ಆನೆ ಜಾಸ್ತಿ ಇತ್ತು. ಅವನು ಸುಮ್ನೆ ಚೆಕ್ ಕೊಟ್ಟ, ಚೆಕ್ ಕೊಟ್ಟ, ಡ್ರಾ ಅಂದ. ನಾಲ್ಕೇ ಚೆಕ್! ಅದು ಮೋಸ ಅಲ್ವಾ?"

ಆಟದ ಕೋಣೆಯೊಳಗೆ ಪಾಲಕರನ್ನು ಬಿಡುವುದಿಲ್ಲವಾದ್ದರಿಂದ ನಾನು ಅದನ್ನು ಕಣ್ಣಾರೆ ನೋಡಿರಲಿಲ್ಲ. ಹೊರಗೆ ಮರದ ಕಟ್ಟೆಯ ಮೇಲೆ ಕೂತು, ಅವಳು ಆಟದ ನಡೆಗಳನ್ನೆಲ್ಲ ಬರೆದು ತಂದ ಸ್ಕೋರ್‌ಶೀಟ್ ಹಿಡಿದು ಒಂದೊಂದೇ ನಡೆ ಇಟ್ಟು ನೋಡಿದ್ದೆ. ಬೋರ್ಡಿನ ಮನೆಗಳಿಗೆ ಉದ್ದ ಸಾಲಿನ ಅಕ್ಷರ (ಎಯಿಂದ ಎಚ್), ಅಡ್ಡ ಸಾಲಿನ ಅಂಕಿ (1ರಿಂದ 8) ಸೇರಿ ಹೆಸರು. ಪುಟ್ಟಿಯದು ಕಪ್ಪು. ರಾಜ ಜಿ8ರಲ್ಲಿ, ಅವನ ಮುಂದೆ ಜಿ7ರಲ್ಲಿ ಒಂಟಿ ಸಿಪಾಯಿ. ಅದರ ಎಡಬಲದಲ್ಲಿದ್ದ ಎಫ್ ಮತ್ತು ಎಚ್ ಸಾಲಿನ ಸಿಪಾಯಿಗಳು ಆಗಲೇ ಹೋಗಿದ್ದವು. ಅವಳ ಹೆಚ್ಚುವರಿ ಆನೆ ದೂರದ ಬಿ2ರಲ್ಲಿ. ಎದುರಾಳಿಯ ಬಿಳಿ ಮಂತ್ರಿ ಎಚ್5ರಲ್ಲಿ. ಪುಟ್ಟಿಯ ಮಂತ್ರಿ ಎಫ್6ರಲ್ಲಿ ಇತ್ತು. ಸಿ3ರಲ್ಲಿ ಕಾವಲಿಲ್ಲದ ಬಿಳಿ ಸಿಪಾಯಿಯೊಂದು ಕಂಡಿತು, ಮಂತ್ರಿಯನ್ನು ಕಳಿಸಿ ಅದನ್ನು ಹೊಡೆದಳು.

ಆಮೇಲೆ ನಡೆದದ್ದು ಇಷ್ಟು. ಬಿಳಿ ಮಂತ್ರಿ ಇ8ಕ್ಕೆ ಬಂತು, ಚೆಕ್, ಅಂದರೆ ರಾಜನ ಮೇಲೆ ದಾಳಿ. ರಾಜನಿಗೆ ಎಚ್7 ಒಂದೇ ಮನೆ. ಮಂತ್ರಿ ಮತ್ತೆ ಎಚ್5ಕ್ಕೆ, ಚೆಕ್. ಈಗ ಜಿ8 ಒಂದೇ ಮನೆ. ಮತ್ತೆ ಇ8, ಮತ್ತೆ ಎಚ್7, ಮತ್ತೆ ಎಚ್5, ಮತ್ತೆ ಜಿ8. ಎದುರು ಕೂತಿದ್ದ ಹುಡುಗ ಗಡಿಯಾರ ನಿಲ್ಲಿಸಿ, ಕೈ ಎತ್ತಿ ಪಂದ್ಯದ ತೀರ್ಪುಗಾರರಾದ ಆರ್ಬಿಟರನ್ನು ಕರೆದ. ಇದೇ ಸ್ಥಿತಿ ಮೂರನೇ ಸಲ ಬಂದಿದೆ, ಡ್ರಾ ಕೊಡಿ ಅಂದ. ಪುಟ್ಟಿ ಜಗಳಕ್ಕೇ ನಿಂತಳಂತೆ: "ಇಲ್ಲ, ಎರಡೇ ಸಲ ಬಂದದ್ದು." ಆರ್ಬಿಟರ್ ಇಬ್ಬರ ಹಾಳೆಗಳನ್ನೂ ನೋಡಿ ನಡೆಗಳನ್ನು ಬೋರ್ಡಿನ ಮೇಲೆ ಮತ್ತೆ ಇಟ್ಟು ತೋರಿಸಿ ಡ್ರಾ ಬರೆದರು.

ಆ ಹುಡುಗನ ಲೆಕ್ಕ ಸರಿಯಾಗಿತ್ತು. ಪುಟ್ಟಿ ರಾಜ ಜಿ8ಕ್ಕೆ ಮರಳಿದ್ದನ್ನು ಎಣಿಸಿದ್ದಳು, ಅದು ಎರಡು ಸಲ. ಅವನು ಅದಕ್ಕೂ ಹಿಂದಿನಿಂದ ಎಣಿಸಿದ್ದ. ಸಿ3ರ ಸಿಪಾಯಿಯನ್ನು ಹೊಡೆದು ಅವಳು ಕೈ ತೆಗೆದ ಕ್ಷಣ, ಇನ್ನೂ ಒಂದು ಚೆಕ್ ಕೂಡ ಬೀಳುವ ಮೊದಲೇ, ಬೋರ್ಡಿನ ಮೇಲಿದ್ದದ್ದು ಅದೇ ಸ್ಥಿತಿ: ಅವೇ ಕಾಯಿಗಳು ಅವೇ ಮನೆಗಳಲ್ಲಿ, ನಡೆಸುವ ಸರದಿ ಬಿಳಿಯದು. ಅದು ಮೊದಲನೆಯದು. ಹನ್ನೆರಡು ವರ್ಷದ ಹುಡುಗ, ಒಂದು ಆನೆ ಕಳೆದುಕೊಂಡು ಕೂತವನು, ಆ ಒತ್ತಡದಲ್ಲೂ ಅದನ್ನು ಗಮನಿಸಿದ್ದ. ನನಗೆ ಅವನ ಮೇಲೆ ಗೌರವ ಬಂತು. ಅದನ್ನು ಬಸ್ಸಿನಲ್ಲಿ ಪುಟ್ಟಿಗೆ ಹೇಳುವ ಹೊತ್ತು ಅದಾಗಿರಲಿಲ್ಲ.

ಹೀಗೆ ಬಿಡದೆ ಕೊಡುವ ಚೆಕ್ಕಿಗೆ ಪರ್ಪೆಚುವಲ್ ಚೆಕ್ ಎನ್ನುತ್ತಾರೆ, ಆದರೆ ಚೆಸ್ಸಿನ ಅಂತರರಾಷ್ಟ್ರೀಯ ನಿಯಮಗಳಲ್ಲಿ ಆ ಹೆಸರಿನ ನಿಯಮ ಈಗ ಇಲ್ಲ. ಒಂದು ಕಾಲದಲ್ಲಿ ಇತ್ತು, ಆಮೇಲೆ ತೆಗೆದರು, ಏಕೆಂದರೆ ಅದರ ಅಗತ್ಯವೇ ಉಳಿಯಲಿಲ್ಲ. ಬಿಡದೆ ಚೆಕ್ ಕೊಡುತ್ತ ಹೋದರೆ ಬೋರ್ಡಿನ ಮೇಲಿನ ಸ್ಥಿತಿ ಇಂದಲ್ಲ ನಾಳೆ ಮರುಕಳಿಸಲೇಬೇಕು. ಒಂದೇ ಸ್ಥಿತಿ ಮೂರು ಸಲ ಬಂದರೆ ಸರದಿ ಯಾರದೋ ಅವರು ಡ್ರಾ ಕೇಳಬಹುದು. ಆ ಮೂರು ಸಲ ಒಂದರ ಹಿಂದೆ ಒಂದು ಬರಬೇಕೆಂದಿಲ್ಲ, ನಡುವೆ ಬೇರೆ ನಡೆಗಳಿದ್ದರೂ ನಡೆಯುತ್ತದೆ. ಕಾಯಿಗಳು ಅದೇ ಮನೆಯಲ್ಲಿದ್ದರೆ ಮಾತ್ರ ಸಾಲದು, ಸರದಿ ಅದೇ ಆಟಗಾರನದ್ದಾಗಿರಬೇಕು, ಕ್ಯಾಸಲಿಂಗ್ (ರಾಜ, ಆನೆ ಒಟ್ಟಿಗೆ ಸರಿಯುವ ನಡೆ) ಹಕ್ಕು ಮತ್ತು ಆನ್ ಪಾಸಾಂ (ಎರಡು ಮನೆ ಹಾರಿ ಬಂದ ಸಿಪಾಯಿಯನ್ನು ಸಿಪಾಯಿಯಿಂದ ಹೊಡೆಯುವ) ಹೊಡೆತದ ಹಕ್ಕು ಕೂಡ ಮೊದಲಿದ್ದಂತೆಯೇ ಇರಬೇಕು.

ಕೇಳುವ ಕ್ರಮವೂ ಮುಖ್ಯ, ಮಕ್ಕಳು ಎಡವುವುದೇ ಇಲ್ಲಿ. ನಿಮ್ಮ ಮುಂದಿನ ನಡೆಯಿಂದ ಮೂರನೇ ಸಲ ಬರುವುದಿದ್ದರೆ ಆ ನಡೆಯನ್ನು ಹಾಳೆಯಲ್ಲಿ ಬರೆಯಬೇಕು, ಕಾಯಿ ಮುಟ್ಟದೆ ಆರ್ಬಿಟರನ್ನು ಕರೆಯಬೇಕು. ಆಡಿಬಿಟ್ಟು ಗಡಿಯಾರ ಒತ್ತಿದರೆ ಆ ಸರದಿಯ ಹಕ್ಕು ಹೋಯಿತು. ಕೇಳಿದ್ದು ತಪ್ಪೆಂದು ತೀರ್ಮಾನವಾದರೆ ಎದುರಾಳಿಯ ಗಡಿಯಾರಕ್ಕೆ ಎರಡು ನಿಮಿಷ ಸೇರುತ್ತದೆ, ಆಟ ಮುಂದುವರಿಯುತ್ತದೆ. ಯಾರೂ ಕೇಳದೆ ಐದು ಸಲ ಅದೇ ಸ್ಥಿತಿ ಬಂದರೆ ಆರ್ಬಿಟರೇ ಆಟ ನಿಲ್ಲಿಸಿ ಡ್ರಾ ಘೋಷಿಸುತ್ತಾರೆ, ಇದು 2014ರಿಂದ ಬಂದ ನಿಯಮ. ಮೊಬೈಲಿನಲ್ಲಿ ಆಡಿ ಬೆಳೆದ ಮಕ್ಕಳಿಗೆ ಇದೆಲ್ಲ ಹೊಸದು, ಅಲ್ಲಿ ಎಷ್ಟೋ ಸಲ ಮೂರನೆಯದಕ್ಕೆ ಪರದೆ ತಾನಾಗಿಯೇ ಡ್ರಾ ಎಂದು ತೋರಿಸಿಬಿಡುತ್ತದೆ. ನಿಜವಾದ ಬೋರ್ಡಿನ ಮುಂದೆ ಕೂತಾಗ ಎಣಿಕೆ ನಮ್ಮ ತಲೆಯಲ್ಲೇ ಇರಬೇಕು.

ನಾನು ಇದನ್ನು ಕಲಿತದ್ದು ನೋವಿನಿಂದ. 1994, ನಾನಾಗ ಬಿಎಸ್ಸಿ ಎರಡನೇ ವರ್ಷ. ಅಂತರ ಕಾಲೇಜು ಪಂದ್ಯದ ಮೂರನೇ ಸುತ್ತು. ಎರಡು ಸಿಪಾಯಿ, ಒಂದು ಕುದುರೆ ಹಿಂದಿದ್ದೆ. ನನ್ನ ಮಂತ್ರಿಗೆ ಎದುರಾಳಿಯ ರಾಜ ಬಯಲಲ್ಲಿ ಸಿಕ್ಕಿದ್ದ. ನಮ್ಮ ಕಡೆ ಆಗ ಎಲ್ಲರ ಬಾಯಲ್ಲೂ ಇದ್ದ ಮಾತು "ಮೂರು ಸಲ ಚೆಕ್ ಕೊಟ್ಟರೆ ಡ್ರಾ". ಈಗಲೂ ಜಾತ್ರೆ, ಮದುವೆ ಮನೆಗಳಲ್ಲಿ ಆಡುವವರು ಹೀಗೇ ಹೇಳುವುದನ್ನು ಕೇಳಿದ್ದೇನೆ. ಮೂರು ಚೆಕ್ ಕೊಟ್ಟೆ, ಮೂರೂ ಬೇರೆ ಬೇರೆ ಮನೆಗಳಿಂದ. ಎದ್ದು ನಿಂತು ಡ್ರಾ ಅಂದೆ. ಆರ್ಬಿಟರ್ ಬಂದು ಹಾಳೆ ನೋಡಿ ತಲೆಯಾಡಿಸಿದರು. "ಚೆಕ್ ಎಣಿಸಬೇಡಮ್ಮ, ಸ್ಥಿತಿ ಎಣಿಸು" ಅಂದರು. ಅವರು ಹೇಳಿದ್ದು ಸರಿ. ಆದರೆ ಅಷ್ಟು ಜನರ ನಡುವೆ ಕೂತು ಕೈ ನಡುಗತೊಡಗಿತು, ಕಣ್ಣಿಗೆ ಬೋರ್ಡು ಸರಿಯಾಗಿ ಕಾಣಲಿಲ್ಲ. ನಾಲ್ಕನೇ ಚೆಕ್ಕನ್ನು ತಪ್ಪು ಮನೆಯಿಂದ ಕೊಟ್ಟೆ, ರಾಜ ತನ್ನ ಕುದುರೆಯ ಮರೆಗೆ ಹೋಗಿ ಸೇರಿದ. ಹತ್ತು ನಡೆಯಲ್ಲಿ ಸೋತೆ. ಆ ರಾತ್ರಿ ಹಾಸ್ಟೆಲ್ಲಿನಲ್ಲಿ ಜೋಡಿಸಿ ನೋಡಿದರೆ ಎರಡೇ ಮನೆಗಳ ನಡುವೆ ಮಂತ್ರಿಯನ್ನು ಆಡಿಸುತ್ತಿದ್ದರೆ ಸಾಕಿತ್ತು, ಡ್ರಾ ಕಣ್ಣೆದುರೇ ಇತ್ತು.

ಆಟ ಕಲಿಸಿದ ಚಿಕ್ಕಪ್ಪನಿಗೆ ಊರಿಗೆ ಹೋದಾಗ ಇದನ್ನು ಹೇಳಿದೆ. ಅವರು ಮಳೆಗಾಲದಲ್ಲಿ ಜಗಲಿಯ ಮೇಲೆ ಕಂಬಳಿ ಹಾಸಿ ಆಡುವವರು. ಕಾಲಾಳಿಗೆ ಮೊದಲ ಹೆಜ್ಜೆಯೂ ಒಂದೇ ಮನೆ ಎನ್ನುವ ಹಳೆಯ ಪದ್ಧತಿಯಲ್ಲಿ ಬೆಳೆದವರು. ಬಿಡದೆ ಕೊಡುವ ಈ ಚೆಕ್ಕಿಗೆ ನಮ್ಮ ಮನೆಯಲ್ಲಿ ಹೆಸರು ಕೊಟ್ಟಿದ್ದು ಅವರೇ. ಆಲೆಮನೆಯಲ್ಲಿ ಕೋಣ ಗಾಣ ಸುತ್ತುವುದನ್ನು ನೋಡಿದ್ದವರು, ಆಟ ಕೈಮೀರಿತು ಅನಿಸಿದಾಗ "ಇರು, ಗಾಣ ಹೂಡ್ತೀನಿ" ಅನ್ನುತ್ತಿದ್ದರು. ಅಂದರೆ ನನ್ನ ರಾಜನನ್ನು ಕಟ್ಟಿ ಸುತ್ತಿಸುತ್ತೇನೆ ಅಂತ. ನನ್ನ ಸೋಲಿನ ಕಥೆ ಕೇಳಿ ಅವರು ಒಂದೇ ಪ್ರಶ್ನೆ ಕೇಳಿದರು: "ಸುತ್ತಿನ ದಾರಿ ನೋಡ್ಕೊಂಡು ಹೂಡಿದ್ಯಾ, ಸುಮ್ನೆ ಹೂಡಿದ್ಯಾ?" ಉತ್ತರ ಅವರಿಗೆ ಗೊತ್ತಿತ್ತು. ಚೆಕ್ ಎಲ್ಲಿ ಸಿಕ್ಕಿತೋ ಅಲ್ಲಿ ಕೊಡುತ್ತ ಹೋಗಿದ್ದೆ ನಾನು. ಮೊದಲ ಚೆಕ್ ಕೊಡುವ ಮೊದಲೇ ರಾಜನ ಪ್ರತಿಯೊಂದು ಓಟಕ್ಕೂ ಉತ್ತರ ಕಂಡುಕೊಂಡಿರಬೇಕಿತ್ತು. ಒಂದು ಬಾಗಿಲು ತೆರೆದಿದ್ದರೂ ಕೋಣ ಗಾಣ ಬಿಟ್ಟು ಗದ್ದೆಗೆ ಹೋಗುತ್ತದೆ.

ಪುಟ್ಟಿಯ ಪ್ರಶ್ನೆಯನ್ನು ನಾನು ತಳ್ಳಿಹಾಕಲಿಲ್ಲ. ಅವಳಿಗೆ ಅನಿಸಿದ್ದು ದೊಡ್ಡ ದೊಡ್ಡ ನಾಡುಗಳಿಗೂ ಅನಿಸಿದೆ. ನಮ್ಮ ಚತುರಂಗದ ಸಂಬಂಧಿಗಳೇ ಆದ ಚೀನಾದ ಶಿಯಾಂಗ್‌ಚಿ ಮತ್ತು ಜಪಾನಿನ ಶೋಗಿ ಎರಡರಲ್ಲೂ ಗಾಣ ಹೂಡುವಂತಿಲ್ಲ. ಶಿಯಾಂಗ್‌ಚಿಯಲ್ಲಿ ಚೆಕ್ ಕೊಡುತ್ತಲೇ ಇರುವವನು ದಾರಿ ಬದಲಿಸಬೇಕು, ಬದಲಿಸದಿದ್ದರೆ ಅವನಿಗೇ ಸೋಲು. ಶೋಗಿಯಲ್ಲಿ ಒಂದೇ ಸ್ಥಿತಿ ನಾಲ್ಕನೇ ಸಲ ಬಂದರೆ ಸಾಮಾನ್ಯವಾಗಿ ಆಟವನ್ನು ಹೊಸದಾಗಿ ಆಡಿಸುತ್ತಾರೆ, ಆದರೆ ಆ ಮರುಕಳಿಕೆ ಬಿಡದ ಚೆಕ್ಕಿನಿಂದ ಬಂದಿದ್ದರೆ ಚೆಕ್ ಕೊಟ್ಟವನು ಸೋತಂತೆ. ಅಲ್ಲಿ ಆಡಿದ್ದರೆ ಪುಟ್ಟಿ ಗೆದ್ದಿರುತ್ತಿದ್ದಳು. ಇದನ್ನು ಹೇಳಿದಾಗ ಅವಳ ಮುಖ ಅರಳಿತು, "ನೋಡಿದ್ಯಾ!" ಅಂದಳು.

ನಾನು ಮಾತ್ರ ಅವಳ ಪಕ್ಷದಲ್ಲಿಲ್ಲ. ಈ ಆಟದಲ್ಲಿ ರಾಜ ಸಿಕ್ಕಿಬೀಳುವುದೇ ಕೊನೆ. ಆನೆ, ಕುದುರೆ, ಸಿಪಾಯಿಗಳನ್ನು ಎಷ್ಟು ಹೊಡೆದೆ ಎಂಬ ಲೆಕ್ಕ ಆ ಕೊನೆಗೆ ಹೋಗುವ ದಾರಿ ಮಾತ್ರ. ಎದುರಾಳಿಯ ಒಂದೇ ಕಾಯಿಯಿಂದ ನನ್ನ ರಾಜನನ್ನು ಕಾಪಾಡಲಾರದಷ್ಟು ಅವನ ಮನೆ ಹಾಳಾಗಿದ್ದರೆ ನಾನು ಗೆದ್ದಿದ್ದೇನೆ ಅನ್ನುವುದು ಹೇಗೆ? ಆ ಹುಡುಗ ಮ್ಯಾಟ್ ಮಾಡಲಾರ, ಅಂದರೆ ರಾಜನನ್ನು ಕಟ್ಟಿಹಾಕಿ ಗೆಲ್ಲಲಾರ, ಪುಟ್ಟಿ ತಪ್ಪಿಸಿಕೊಳ್ಳಲಾರಳು. ಇಬ್ಬರಿಗೂ ಅರ್ಧ ಅರ್ಧ. ಈ ಅರ್ಧ ಅಂಕ ಸೋಲುತ್ತಿರುವವನಿಗೆ ಕೊಟ್ಟ ಭಿಕ್ಷೆ ಎಂದು ನನಗೆ ಯಾವತ್ತೂ ಅನಿಸಿಲ್ಲ, ಅದನ್ನು ಅವನು ಲೆಕ್ಕ ಹಾಕಿ ಸಂಪಾದಿಸಿದ್ದಾನೆ.

ಅದನ್ನು ಬಾಯಲ್ಲಿ ಹೇಳುವುದಕ್ಕಿಂತ ತೋರಿಸುವುದು ಸುಲಭ. ಚೀಲದಿಂದ ಅಯಸ್ಕಾಂತದ ಚಿಕ್ಕ ಬೋರ್ಡು ತೆಗೆದು ನನಗೆ ಬಾಯಿಪಾಠವಾಗಿರುವ ಒಂದು ಆಟ ಇಟ್ಟೆ. ವಿಯೆನ್ನಾ, 1872. ಬಿಳಿ ಕಾರ್ಲ್ ಹಾಂಪೆ, ಕಪ್ಪು ಫಿಲಿಪ್ ಮೈಟ್ನರ್. ಈ ಮೈಟ್ನರ್ ವಕೀಲರು. ಪರಮಾಣು ಬೀಜ ಒಡೆಯುವುದು ಹೇಗೆಂದು ವಿವರಿಸಿದ ಭೌತವಿಜ್ಞಾನಿ ಲೀಸ ಮೈಟ್ನರ್ ಅವರ ತಂದೆ. ಆ ಹೆಸರು ಇಂದು 109ನೇ ಮೂಲಧಾತುವಿಗೆ ಇದೆ. ಮಗಳು ಹುಟ್ಟಿದ್ದು ಈ ಆಟ ನಡೆದು ಆರು ವರ್ಷಕ್ಕೆ.

ಮೂರನೇ ನಡೆಯಲ್ಲೇ ಮೈಟ್ನರ್ ಒಂಟೆಯನ್ನು ಎಫ್2ರ ಸಿಪಾಯಿಗೆ ಬಲಿ ಕೊಟ್ಟು ಬಿಳಿ ರಾಜನನ್ನು ಹೊರಗೆಳೆಯುತ್ತಾರೆ. ರಾಜ ಇ3, ಡಿ3, ಸಿ3, ಬಿ3 ಎಂದು ಓಡುತ್ತಾನೆ. ಒಂಬತ್ತನೇ ನಡೆಯಲ್ಲಿ ಮಂತ್ರಿಯನ್ನೇ ಎ4ರ ಕುದುರೆಗೆ ಕೊಡುತ್ತಾರೆ, ರಾಜ ಅದನ್ನೂ ಹೊಡೆಯುತ್ತಾನೆ. ಹದಿನಾರನೇ ನಡೆಯ ಹೊತ್ತಿಗೆ ಬಿಳಿ ರಾಜ ಎದುರಾಳಿಯ ಅಂಗಳದೊಳಗೆ ಸಿ6ರಲ್ಲಿ ನಿಂತಿದ್ದಾನೆ. ಅವನ ಮಂತ್ರಿ, ಎರಡು ಆನೆ, ಒಂದು ಒಂಟೆ, ಒಂದು ಕುದುರೆ, ಎಲ್ಲವೂ ಆಟ ಶುರುವಾದ ಮನೆಯಲ್ಲೇ ಅಲುಗದೆ ಕೂತಿವೆ. ಕಪ್ಪಿಗೆ ಉಳಿದಿರುವುದು ಎರಡು ಆನೆ, ಒಂದು ಒಂಟೆ, ಸಿಪಾಯಿಗಳು. ಇಲ್ಲಿ ಪುಟ್ಟಿ ಎಣಿಸಿದಳು. "ಬಿಳಿ ಒಂದು ಮಂತ್ರಿ, ಒಂದು ಕುದುರೆ ಮುಂದಿದೆ" ಅಂದಳು.

ಈಗ ಕಪ್ಪು ಒಂಟೆ ಬಿ7ಕ್ಕೆ, ಚೆಕ್. ಹೊಡೆದರೇನು? ರಾಜ ಬಿ7ರ ಒಂಟೆಯನ್ನು ಹೊಡೆದರೆ ಕಪ್ಪು ರಾಜ ಸದ್ದಿಲ್ಲದೆ ಡಿ7ಕ್ಕೆ ಸರಿಯುತ್ತಾನೆ. ಆಗ ಬಿಳಿ ರಾಜನಿಗೆ ಹೋಗಲು ಒಂದು ಮನೆಯೂ ಇಲ್ಲ, ಎಚ್8ರ ಆನೆ ಬಿ8ಕ್ಕೆ ಬಂದರೆ ಮ್ಯಾಟ್. ಬಿಳಿ ಮಂತ್ರಿ ಜಿ4ರಿಂದ ಒಂದು ಚೆಕ್ ಕೊಡಬಹುದು, ರಾಜ ಡಿ6ಕ್ಕೆ ಸರಿದರೆ ಮುಗಿಯಿತು. ಹಾಗಾಗಿ ಹೊಡೆಯದೆ ಬಿ5ಕ್ಕೆ ಬರಬೇಕು. ಒಂಟೆ ಎ6ಕ್ಕೆ, ಚೆಕ್. ಇದಕ್ಕೆ ಎ8ರ ಆನೆಯ ಕಾವಲಿದೆ, ಹೊಡೆಯುವಂತಿಲ್ಲ. ಎ4ಕ್ಕೆ ಓಡಿದರೆ? ಒಂಟೆ ಸಿ4ಕ್ಕೆ ಹೋಗಿ ಕೂರುತ್ತದೆ, ಬಿ ಸಿಪಾಯಿ ಒಂದು ಹೆಜ್ಜೆ ಮುಂದೆ ಬಂದರೆ ಮ್ಯಾಟ್. ಬೇರೆ ದಾರಿಯಿಲ್ಲ, ಸಿ6ಕ್ಕೇ ಮರಳಬೇಕು. ಮತ್ತೆ ಬಿ7, ಚೆಕ್. ಹದಿನೆಂಟನೇ ನಡೆಗೆ ಕೈ ಕುಲುಕಿದರು. ಇಂಗ್ಲಿಷಿನಲ್ಲಿ ಇದನ್ನು ಅಮರ ಡ್ರಾ ಎಂಬ ಅರ್ಥದ ಹೆಸರಿನಿಂದ ಕರೆಯುತ್ತಾರೆ.

ಪುಟ್ಟಿ ಬಿ7ರಲ್ಲಿ ಹೊಡೆದು ನೋಡಿದಳು, ಬೋರ್ಡನ್ನು ನನ್ನ ಕಡೆ ತಿರುಗಿಸಿ "ಮುಂದೆ ಆಡು" ಅಂದಳು. ಆಡಿದೆ. ಮತ್ತೆ ಹಿಂದೆ ಇಟ್ಟು ಎ4ಕ್ಕೆ ಓಡಿ ನೋಡಿದಳು. ಚೋರಡಿ ಯಾವಾಗ ದಾಟಿತೋ ಇಬ್ಬರಿಗೂ ಗೊತ್ತಾಗಲಿಲ್ಲ. ಹೊರಗೆ ಕತ್ತಲಾಗಿತ್ತು, ಬಸ್ಸಿನ ದೀಪ ಆಗಾಗ ಮಂಕಾಗುತ್ತಿತ್ತು.

ಗಾಣ ಹೂಡುವುದು ಮಾತ್ರವಲ್ಲ, ಇದೆ ಎಂದು ಕಾಣುವುದೂ ಕಷ್ಟ. ಇದಕ್ಕೆ ಗ್ಯಾರಿ ಕಾಸ್ಪರೋವ್ ಅವರಿಗಿಂತ ದೊಡ್ಡ ಸಾಕ್ಷಿ ಬೇಡ. 1997ರ ಮೇ 4, ನ್ಯೂಯಾರ್ಕ್, ಐಬಿಎಂನ ಡೀಪ್ ಬ್ಲೂ ಎಂಬ ಚೆಸ್ ಆಡುವ ಯಂತ್ರದ ವಿರುದ್ಧ ಎರಡನೇ ಆಟ. ಕಾಸ್ಪರೋವ್ ಕಪ್ಪು. ದಿನವಿಡೀ ಉಸಿರು ಕಟ್ಟಿಸುವಂತೆ ಒತ್ತಿದ್ದ ಯಂತ್ರ 45ನೇ ನಡೆಯಲ್ಲಿ ಆನೆಯನ್ನು ಎ6ಕ್ಕೆ ತಂದಾಗ ಅವರು ಸೋಲೊಪ್ಪಿ ಎದ್ದುಹೋದರು. ಮರುದಿನ ಜೊತೆಯವರು ಹೇಳಿದರು: ಮಂತ್ರಿಯನ್ನು ಇ3ಕ್ಕೆ ಇಟ್ಟಿದ್ದರೆ, ಬಿಳಿ ಡಿ6ರ ಸಿಪಾಯಿಯನ್ನು ಹೊಡೆದಾಗ ಆನೆಯನ್ನು ಇ8ಕ್ಕೆ ತಂದಿದ್ದರೆ, ಬಿಡದ ಚೆಕ್ಕಿನ ದಾರಿ ಇತ್ತು. ಯಂತ್ರ ಒಂದು ನಡೆ ಹಿಂದೆ ರಾಜನನ್ನು ಎಫ್1ಕ್ಕೆ ಸರಿಸಿದ್ದೇ ಆ ದಾರಿ ತೆರೆದದ್ದು. ಆ ಆಟದಿಂದ ಅಂಕ 1–1 ಆಯಿತು, ನಂತರದ ಮೂರು ಡ್ರಾ, ಆರನೆಯದು ಕಾಸ್ಪರೋವ್ ಸೋತು ಸರಣಿ ಮೂರೂವರೆ–ಎರಡೂವರೆಗೆ ಯಂತ್ರದ ಪಾಲಾಯಿತು. ಆ ವರ್ಷ ಪತ್ರಿಕೆಯಲ್ಲಿ ಇದನ್ನು ಓದಿದಾಗ ನನಗೆ ನೆನಪಾದದ್ದು ನನ್ನದೇ ಹಾಸ್ಟೆಲ್ ರಾತ್ರಿ. ಜಗತ್ತಿನ ಅತಿ ಬಲಿಷ್ಠ ಆಟಗಾರನೂ ಡ್ರಾ ಕೈಯಲ್ಲಿದ್ದೂ ಎದ್ದುಹೋಗಬಹುದು ಎಂಬುದು ನನ್ನ ಮನಸ್ಸಿನ ಭಾರ ಎಷ್ಟೋ ಇಳಿಸಿತು.

ಇದಕ್ಕೆ ಹತ್ತಿರದ ಇನ್ನೊಂದು ಉಪಾಯವಿದೆ, ಅದನ್ನು ಹೇಳದೆ ಬಿಡಲು ಮನಸ್ಸಿಲ್ಲ. ಸೋಲುತ್ತಿರುವವನ ರಾಜ, ಸಿಪಾಯಿ ಯಾವುದಕ್ಕೂ ನಡೆಯಿಲ್ಲ, ಅಲುಗಬಲ್ಲದ್ದು ಒಂದೇ ಒಂದು ಆನೆ. ಆ ಆನೆ ಎದುರಾಳಿಯ ರಾಜನ ಪಕ್ಕಕ್ಕೇ ಹೋಗಿ ನಿಂತು ಚೆಕ್ ಕೊಡುತ್ತದೆ. ಅದನ್ನು ಹೊಡೆದರೆ ಸ್ಟೇಲ್‌ಮೇಟ್, ಅಂದರೆ ಚೆಕ್ ಇಲ್ಲದಿದ್ದರೂ ಆಡಲು ಒಂದು ನಡೆಯೂ ಉಳಿಯದ ಸ್ಥಿತಿ, ಡ್ರಾ. ಹೊಡೆಯದೆ ಓಡಿದರೆ ಅದು ಹಿಂದೆಯೇ ಓಡಿ ಮತ್ತೆ ಪಕ್ಕದಲ್ಲಿ ನಿಂತು ಚೆಕ್. ಚೆಸ್ ಪುಸ್ತಕಗಳಲ್ಲಿ ಇದನ್ನು ಹುಚ್ಚು ರೂಕ್ ಎನ್ನುತ್ತಾರೆ. ರೂಕನ್ನು ಆನೆ ಎಂದು ಕರೆಯುವ ನಮಗೆ ಇದು ಮದವೇರಿದ ಆನೆಯೇ, ಸಾಯಲು ಹೆದರದೆ ಬೆನ್ನಟ್ಟುವ ಆನೆ. ಚಿಕ್ಕಪ್ಪ ಒಮ್ಮೆ ಜಗಲಿಯ ಮೇಲೆ ಹೀಗೆ ನನ್ನ ರಾಜನನ್ನು ಬೋರ್ಡಿನ ಈ ತುದಿಯಿಂದ ಆ ತುದಿಗೆ ಅಟ್ಟಿಸಿಕೊಂಡು ಹೋದದ್ದು, ಹೊರಗೆ ಹಂಚಿನಿಂದ ಮಳೆ ಧಾರೆ ಸುರಿಯುತ್ತಿದ್ದದ್ದು, ಅಜ್ಜಿ ಕಾಫಿ ಲೋಟ ಹಿಡಿದು ಆಟ ಮುಗಿಯುವವರೆಗೆ ಬಾಗಿಲಲ್ಲೇ ನಿಂತದ್ದು ಈಗಲೂ ಕಣ್ಣಲ್ಲಿದೆ. ಚಿಕ್ಕಪ್ಪ ತೀರಿಕೊಂಡು ಒಂಬತ್ತು ವರ್ಷವಾಯಿತು. ಅವರ ಮರದ ಕಾಯಿಗಳು ನನ್ನ ಹತ್ತಿರವೇ ಇವೆ, ಒಂದು ಕಪ್ಪು ಕುದುರೆಯ ಕಿವಿ ಮುರಿದಿದೆ.

ಆನಂದಪುರದಲ್ಲಿ ಬಸ್ಸು ಹತ್ತು ನಿಮಿಷ ನಿಂತಿತು. ಪುಟ್ಟಿ ಕೆಳಗಿಳಿಯಲಿಲ್ಲ. ಹಾಂಪೆ ಮತ್ತು ಮೈಟ್ನರರ ಕಾಯಿಗಳನ್ನು ತೆಗೆದು ತನ್ನ ಆಟವನ್ನು ಜೋಡಿಸಿದಳು. ಜಿ8ರಲ್ಲಿ ರಾಜ, ಜಿ7ರಲ್ಲಿ ಸಿಪಾಯಿ, ಎಚ್5ರಲ್ಲಿ ಬಿಳಿ ಮಂತ್ರಿ. ಸಿ3ರಲ್ಲಿದ್ದ ತನ್ನ ಮಂತ್ರಿಯನ್ನು ಎತ್ತಿ ಎಫ್6ಕ್ಕೆ ವಾಪಸ್ ಇಟ್ಟಳು, ಸಿ3ಕ್ಕೆ ಬಿಳಿ ಸಿಪಾಯಿಯನ್ನೂ ಹಿಂದಿರುಗಿಸಿದಳು. ಬಿಳಿ ಮಂತ್ರಿಯನ್ನು ಇ8ಕ್ಕೆ ತಂದಳು. ಸ್ವಲ್ಪ ಹೊತ್ತು ಸುಮ್ಮನೆ ನೋಡಿ, ತನ್ನ ಮಂತ್ರಿಯನ್ನು ಎಫ್8ಕ್ಕೆ ಅಡ್ಡ ಇಟ್ಟಳು. ಅದನ್ನು ವಾಪಸ್ ತೆಗೆದು ರಾಜನನ್ನು ಎಚ್7ಕ್ಕೆ ಇಟ್ಟಳು, ಬಿಳಿ ಮಂತ್ರಿಯನ್ನು ಎಚ್5ಕ್ಕೆ, ತನ್ನದನ್ನು ಎಚ್6ಕ್ಕೆ ಅಡ್ಡ.

"ಎರಡೂ ಕಡೆ ತಡೀತಿತ್ತು" ಅಂದಳು. "ಇಲ್ಲಿ ನಿಂತ್ಕೊಂಡು ಎರಡೂ ಬಾಗಿಲು ಕಾಯ್ತಿತ್ತು."

"ಹೌದು" ಅಂದೆ.

"ಆ ಹುಡುಗನಿಗೆ ಅದು ಗೊತ್ತಿತ್ತಾ?"

ಮಂತ್ರಿ ಎಫ್6 ಬಿಡುವುದನ್ನೇ ಅವನು ಕಾಯುತ್ತಿದ್ದನೋ ಏನೋ, ಎಣಿಕೆ ಮಾತ್ರ ಮೊದಲಿನಿಂದಲೇ ಹಿಡಿದಿದ್ದ ಎಂದೆ. ಸಿಪಾಯಿ ಹೊಡೆದ ಸ್ಥಿತಿಯೇ ಮೊದಲನೆಯದು ಎಂಬುದನ್ನು ಆಗ ವಿವರಿಸಿದೆ. ಅವಳು ಬೆರಳು ಮಡಿಚಿ ತಾನೇ ಎಣಿಸಿದಳು. ಒಂದು, ಎರಡು, ಮೂರು. ತಲೆಯಾಡಿಸಿದಳು. ಆಮೇಲೆ ಮೋಸ ಎಂಬ ಮಾತು ಬರಲಿಲ್ಲ. ಬಸ್ಸು ಸಾಗರದ ಸ್ಟ್ಯಾಂಡಿಗೆ ತಿರುಗುವಾಗಲೂ ಬೋರ್ಡು ಅವಳ ತೊಡೆಯ ಮೇಲೇ ಇತ್ತು. ಮಂತ್ರಿಯನ್ನು ಎಫ್6ರಿಂದ ಕದಲಿಸದೆ ಬಿ2ರ ಆನೆಯನ್ನು ಎಲ್ಲಿಗೆ ತರಬೇಕೆಂದು ಹುಡುಕುತ್ತಿದ್ದಳು.